ಋಣ ತೀರಿಸುವ ಕಣಗಳು

ಮಳೆಗಾಲದಲ್ಲಿ ಹೊಳೆಯ ನೀರನ್ನು ಬಿಂದಿಗೆಯಲ್ಲಿ ತುಂಬಿಟ್ಟರೆ ಅದು ಬೇಗನೆ ತಿಳಿಯಾಗುವುದಿಲ್ಲ. ಮರಳು ಕೂಡಲೆ ತಳಕ್ಕಿಳಿಯುತ್ತದೆ. ಆದರೆ ನಯವಾದ ಜೇಡಿಯು ಬಹುಕಾಲ ನೀರಿನಲ್ಲಿ ತೇಲುತ್ತಲೇ ಇರುತ್ತದೆ. ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಸುಲಭವಾದುದು: ಪಟಿಕದ ಒಂದು ಹರಳನ್ನು ನೀರಿನಲ್ಲಿ ನಾಲ್ಕಾರು ಸುತ್ತು ಆಡಿಸಿಬಿಡುವುದು. ಸ್ವಲ್ಪ ಹೊತ್ತಿನಲ್ಲಿ ಜೇಡಿಯು ಹಿಂಜಿದ ಹತ್ತಿಯಂತೆ ಗಂಟುಗಂಟಾಗಿ ಕೂಡಿಕೊಂಡು ತಳವನ್ನು ಸೇರುತ್ತದೆ. ಮೇಲೆ ತಿಳಿನೀರು ನಿಲ್ಲುತ್ತದೆ.

ಇದು ಹೇಗಾಯಿತು? ಜೇಡಿಯ ಪ್ರತಿಯೊಂದು ಕಣದ ಮೈಮೇಲೂ ಋಣ ವಿದ್ಯುದಾವೇಶವಿರುತ್ತದೆ. ಒಂದೇ ಬಗೆಯ ಆವೇಶವುಳ್ಳ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಹೀಗೆ ತಳ್ಳಾಡುವ ಕಣಗಳು ಒಂದುಗೂಡಿ ದಪ್ಪವಾಗಲಾರವು, ದಪ್ಪವಾಗದೆ ತಳಕ್ಕಿಳಿಯಲಾರವು. ಪಟಿಕದಲ್ಲಿರುವ ಅಲ್ಯೂಮಿನಿಯಮ್ಮಾದರೋ ನೀರಿನಲ್ಲಿ ಧನ ಆವೇಶದ ಅಯಾನುಗಳನ್ನು ಕೊಡುತ್ತದೆ. ಆ ಧನವು ಜೇಡಿಯ ಋಣವನ್ನು ತೀರಿಸಿದೊಡನೆ ಕಣಗಳ ನಡುವಣ ವೈರವೂ ಮುಗಿಯುತ್ತದೆ.

ಋಣ, ಧನ ಎಂಬ ಈ ಎರಡು ಮಾತುಗಳನ್ನು ವಿದ್ಯುತ್ತಿಗೆ ಹೆಸರಾಗಿ ಆರಿಸಿದವರು ಯಾರೋ ತಿಳಿಯದಿದ್ದರೂ ಅವರ ಆಯ್ಕೆ ಬಹಳ ಚೆನ್ನಾಗಿದೆ. ಇಂದು ನಾವು ಬರೆಯಹೊರಟಿರುವ ವಿಷಯವೆಲ್ಲ ಒಂದು ಸಾಲದ ಲೆಕ್ಕವೇ. ಆದರೆ ಇಲ್ಲಿ ಸಾಲಗಾರನು ಜೇಡಿಯ ಕಣವಲ್ಲ. ಜೀವಿಗಳ ವಂಶಲಕ್ಷಣಗಳನ್ನು ಹೊತ್ತಿರುವ ಡಿ.ಎನ್.ಎ. ಎಂಬ ಎಳೆ. ಸಾಲ ತೀರಿಸುವುದಕ್ಕೆ ಬರುವವು ಪಾಲಿಮರುಗಳೆಂಬ ಉದ್ದನೆಯ ಅಣುಗಳು. ಇವೆರಡನ್ನೂ ನೀರಿನಲ್ಲಿ ಬೆರಸಿದರೆ ಯಾರ ನೆರವೂ ಇಲ್ಲದೆ ತಾವೇ ಕೂಡಿಕೊಂಡು, ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಗಾತ್ರದ ಉಂಡೆಗಳಾಗುತ್ತವೆ. ಈ ಉಂಡೆಗಳ ವಿದ್ಯುತ್ ಗುಣಗಳನ್ನು ಅರಿತು ಹದಗೊಳಿಸುವುದು, ರೋಗಿಯ ಜೀವಕೋಶದೊಳಕ್ಕೆ ಹೊಸ ಜೀನನ್ನು ಕಳುಹಿಸುವ ವಿದ್ಯೆಯ ಮೊದಲ ಪಾಠವಾಗಿದೆ.

ಸಾಲಗಾರನ ಪರಿಚಯ

೧೮೬೯ರಲ್ಲಿ ಸ್ವಿಟ್ಜರ್ಲೆಂಡಿನ ಫ್ರೀಡ್ರಿಕ್ ಮೀಷರ್ ಎಂಬ ಯುವ ವಿಜ್ಞಾನಿಯು ಕೀವಿನ ಬಿಳಿಯ ರಕ್ತಕಣಗಳ ನ್ಯೂಕ್ಲಿಯಸ್ಸಿನಿಂದ ರಂಜಕವಿದ್ದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದನು. ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟನು. ಕೆಲವು ವರ್ಷಗಳ ಮೇಲೆ, ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯಾಣುಗಳನ್ನು ಪರೀಕ್ಷಿಸುತ್ತಿದ್ದಾಗ, ಆಮ್ಲಗುಣದ ಈ ವಸ್ತುವಿನೊಡನೆ ಪ್ರತ್ಯಾಮ್ಲ ಗುಣದ ಇನ್ನೊಂದು ವಸ್ತುವು ಬಿಗಿಯಾಗಿ ಕೂಡಿಕೊಂಡಿರುವುದನ್ನು ಕಂಡನು. ೧೮೭೪ರಲ್ಲಿ ಅದನ್ನು ಪ್ರೋಟಮೀನ್ ಎಂದು ಕರೆದನು. ಡಿ.ಎನ್.ಎ. ಮತ್ತು ಧನ ಆವೇಶದ ಪಾಲಿಮರು ಕೂಡಿದ ಕಣವನ್ನು ಪ್ರಕೃತಿಯು ನಮಗಿಂತ ಬಹು ಹಿಂದೆಯೇ ತಯಾರಿಸಿತ್ತೆಂಬುದಕ್ಕೆ ಇದೇ ಸಾಕ್ಷಿ.

ಡಿ.ಎನ್.ಎ.ಯನ್ನು ಆಮ್ಲವೆಂದು ಏಕೆ ಕರೆಯುತ್ತೇವೆ? ಅದರ ಎರಡು ಎಳೆಗಳ ಬೆನ್ನಿನುದ್ದಕ್ಕೂ ಫಾಸ್ಫೇಟ್ ಗುಂಪುಗಳು ಸಾಲಾಗಿವೆ. ನೀರಿನಲ್ಲಿ ಪ್ರತಿಯೊಂದು ಫಾಸ್ಫೇಟೂ ತನ್ನ ಹೈಡ್ರೊಜನ್ ಅಯಾನನ್ನು ಬಿಟ್ಟುಕೊಟ್ಟು ಒಂದು ಮಾನದ ಋಣ ಆವೇಶವನ್ನು ಉಳಿಸಿಕೊಳ್ಳುತ್ತದೆ. ಸುರುಳಿಯೇಣಿಯ ಎರಡು ಮೆಟ್ಟಿಲುಗಳ ನಡುವಣ ಅಂತರ ೦.೩೪ ನ್ಯಾನೋಮೀಟರ್, ಒಂದೊಂದು ಮೆಟ್ಟಿಲಿಗೂ ಎರಡು ಫಾಸ್ಫೇಟುಗಳು. ಎಂದರೆ, ಎಳೆಯ ಉದ್ದದಲ್ಲಿ ಸರಾಸರಿ ೦.೧೭ ನ್ಯಾನೋಮೀಟರಿಗೆ ಒಂದರಂತೆ ಋಣ ಆವೇಶಗಳು ಕಿಕ್ಕಿರಿದಿವೆ. ಒಂದು ನ್ಯಾನೋಮೀಟರೆಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಲ್ಯಾಮ್ಡಾ ಎಂಬ ಒಂದು ವೈರಸ್ಸಿದೆ. ಅದು ಬ್ಯಾಕ್ಟೀರಿಯಗಳನ್ನು ಹಿಡಿಯುವಂಥದು. ಪ್ರಯೋಗಶಾಲೆಗಳಲ್ಲಿ ಬಹಳ ಬಳಕೆಯಲ್ಲಿರುವ ಅದರ ಡಿ.ಎನ್.ಎ.ಯಲ್ಲಿ ೪೮,೫೦೨ ಮೆಟ್ಟಿಲುಗಳಿವೆ. ಅದರ ಉದ್ದ ೧೬.೫ ಮೈಕ್ರೋಮೀಟರ್, ಅದು ಹೊತ್ತಿರುವ ಋಣ ಆವೇಶಗಳು ಸುಮಾರು ೯೭,೦೦೦. ಇಷ್ಟು ಆವೇಶಗಳು ಒಂದನ್ನೊಂದು ನೂಕುತ್ತಿರುವಾಗ ಎಳೆಯು ಸುತ್ತಿ ಮಡಿಸಿಕೊಳ್ಳುವುದಾದರೂ ಹೇಗೆ? ಅದು ನೀರಿನಲ್ಲಿ ಸಡಿಲವಾಗಿ ಹರಡಿಕೊಂಡಿರುತ್ತದೆ. ಮೇಲಾಗಿ ಡಿ.ಎನ್.ಎ. ಹತ್ತಿಯ ದಾರದಂತೆ ಮೆತ್ತನೆಯದಲ್ಲ. ಅದಕ್ಕೆ ಬೆತ್ತದ ಬಿಗುವುಂಟು. ಸುಮಾರು ೫೦ ನ್ಯಾನೋಮೀಟರಿನಷ್ಟು ಉದ್ದದವರೆಗೆ ಅದು ಬಹುಮಟ್ಟಿಗೆ ನೆಟ್ಟಗೇ ಇರುತ್ತದೆ.

ನೀರಿನ ಮಧ್ಯಸ್ಥಿಕೆ

ಎರಡು ಆವೇಶಗಳ ನಡುವಣ ಬಲವು ಅವುಗಳ ಅಂತರದ ವರ್ಗಕ್ಕೆ ವಿಲೋಮವಾಗಿರುತ್ತದೆಂದು ಕೂಲಂಬನು ೧೭೮೫ರಲ್ಲಿ ತೋರಿಸಿದನು. ಆದರೆ ಆವೇಶಗಳು ಶೂನ್ಯದಲ್ಲಿದ್ದಾಗ ಇರುವಷ್ಟು ಬಲ ನೀರಿನಲ್ಲಿ ಇರುವುದಿಲ್ಲ. ನೀರಿನ ಅಣುಗಳು ತಮ್ಮ ಧನ ಋಣ ತುದಿಗಳನ್ನು ತಕ್ಕಂತೆ ತಿರುಗಿಸಿಕೊಂಡು ನಡುವೆ ನಿಲ್ಲುವುದರಿಂದ ಆ ಬಲವು ಸುಮಾರು ಎಂಬತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಇದರೊಡನೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಉಷ್ಣತೆಯ ಕಾರಣದಿಂದ ಅಣುಗಳೆಲ್ಲ ಸದಾ ಚಡಪಡಿಸುತ್ತಿರುತ್ತವೆ. ವಿದ್ಯುತ್ತು ಕಟ್ಟಿಹಾಕಲು ನೋಡುತ್ತದೆ; ಉಷ್ಣವು ಬಿಡಿಸಲು ನೋಡುತ್ತದೆ. ಈ ಇಬ್ಬರ ಬಲವೂ ಸಮನಾಗುವ ಅಂತರವು ಶೂನ್ಯದಲ್ಲಾದರೆ ಸುಮಾರು ೫೬ ನ್ಯಾನೋಮೀಟರ್. ನೀರಿನಲ್ಲಾದರೆ ಕೇವಲ ೦.೭ ನ್ಯಾನೋಮೀಟರ್. ಡೆನ್ಮಾರ್ಕಿನ ರಸಾಯನವಿಜ್ಞಾನಿ ಬ್ಯೆರುಮ್‌ನ ಹೆಸರು ಈ ಅಂತರಕ್ಕಿದೆ.

ಈಗ ಲೆಕ್ಕವನ್ನು ನೋಡೋಣ. ನೀರಿನಲ್ಲಿ ಎರಡು ಆವೇಶಗಳು ೦.೭ ನ್ಯಾನೋಮೀಟರಿಗಿಂತ ಹತ್ತಿರವಿದ್ದರೆ ಅವುಗಳ ಬಾಧೆ ಉಷ್ಣದ ಚಡಪಡಿಕೆಯನ್ನು ಮೀರುತ್ತದೆ. ಡಿ.ಎನ್.ಎ.ಯಲ್ಲಾದರೋ ಆವೇಶಗಳು ೦.೧೭ ನ್ಯಾನೋಮೀಟರಿಗೆ ಒಂದರಂತಿವೆ! ಆದಕಾರಣ ದ್ರಾವಣದಲ್ಲಿರುವ ಸೋಡಿಯಮ್ಮಿನಂಥ ಧನ ಅಯಾನುಗಳು ಎಳೆಯನ್ನು ಮುತ್ತಿಕೊಂಡು, ಒಟ್ಟು ಆವೇಶವು ೦.೭ ನ್ಯಾನೋಮೀಟರಿಗೆ ಒಂದರಷ್ಟು ವಿರಳವಾಗುವವರೆಗೂ ಅಲ್ಲಿಯೇ ನಿಲ್ಲುತ್ತವೆ. ೦.೧೭ನ್ನು ೦.೭ರಿಂದ ಭಾಗಿಸಿದರೆ ಬರುವುದು ಸುಮಾರು ನೂರಕ್ಕೆ ೨೪. ಅಂದರೆ, ಋಣದಲ್ಲಿ ನೂರಕ್ಕೆ ೭೬ ಪಾಲು ತೀರಿ ೨೪ ಪಾಲು ಉಳಿಯುತ್ತದೆ. ಅಮೆರಿಕದ ಜೆರಾಲ್ಡ್ ಮ್ಯಾನಿಂಗ್ ೧೯೬೯ರಲ್ಲಿ ಪ್ರಕಟಿಸಿದ ಸಿದ್ಧಾಂತದ ತಿರುಳು ಇದೇ. ಎರಡು ಮಾನದ ಆವೇಶವಿರುವ ಮೆಗ್ನೀಸಿಯಮ್ ಅಯಾನುಗಳು ಬಂದರೆ ಉಳಿಯುವ ಸಾಲ ಇದರ ಅರ್ಧ, ಎಂದರೆ ೧೨ ಪಾಲು. ಮೂರು ಮಾನದ ಅಯಾನುಗಳಾದರೆ ಮೂರನೆಯ ಒಂದಂಶ, ಎಂದರೆ ೮ ಪಾಲು.

ಇದು ಬರಿಯ ಅಂಕಗಣಿತವೆಂದು ಯಾರೂ ತಿಳಿಯಬಾರದು. ೧೯೭೬ರಲ್ಲಿ ಗೊಸ್ಯೂಲ್ ಮತ್ತು ಷೆಲ್‌ಮನ್ ಎಂಬ ವಿಜ್ಞಾನಿಗಳು ಜೀವಕೋಶಗಳಲ್ಲಿಯೇ ಸಿಕ್ಕುವ ಸ್ಪರ್ಮಿಡೀನ್ ಎಂಬ, ಮೂರು ಧನ ಆವೇಶಗಳ ಸಣ್ಣ ಅಣುವನ್ನು ವಿರಳವಾದ ಡಿ.ಎನ್.ಎ. ದ್ರಾವಣಕ್ಕೆ ಸೇರಿಸಿ ನೋಡಿದರು. ಹರಡಿಕೊಂಡಿದ್ದ ಎಳೆಯು ಒಮ್ಮೆಗೇ ಅಡಕವಾಗಿ ಸುತ್ತಿಕೊಂಡಿತು. ಅನಂತರ ವಿಲ್ಸನ್ ಮತ್ತು ಬ್ಲೂಮ್‌ಫೀಲ್ಡರು ೧೯೭೯ರಲ್ಲಿ ಲೆಕ್ಕ ಹಾಕಿದಾಗ, ಋಣದ ನೂರಕ್ಕೆ ಸುಮಾರು ೯೦ ಪಾಲು ತೀರಿದೊಡನೆ ಈ ಪರಿವರ್ತನೆ ನಡೆಯುವುದೆಂದು ತಿಳಿದುಬಂದಿತು. ಸೋಡಿಯಮ್ ಏಕೆ ಸೋತಿತು, ಮೆಗ್ನೀಸಿಯಮ್ಮು ಅಂಚಿನವರೆಗೆ ಬಂದು ಏಕೆ ನಿಂತಿತು, ಸ್ಪರ್ಮಿಡೀನ್ ಹೇಗೆ ಗೆದ್ದಿತು ಎಂಬುದನ್ನು ಮೇಲಣ ಮೂರು ಅಂಕೆಗಳೇ ಹೇಳುತ್ತವೆ.

ಹೀಗೆ ಸುತ್ತಿಕೊಂಡ ಎಳೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಆಕಾರ ನಮ್ಮ ಅಡುಗೆಮನೆಯ ಕೋಡುಬಳೆಯಂತೆ ಕಾಣುತ್ತದೆ. ಬಿಗುವಾದ ಎಳೆಯು ಚೂಪಾಗಿ ಮಡಿಯಲಾರದೆ ಬಳೆಯಾಗಿ ಸುತ್ತಿಕೊಳ್ಳುವುದೇ ಇದಕ್ಕೆ ಕಾರಣ. ಬಳೆಯ ಹೊರಗಿನ ವ್ಯಾಸ ಸುಮಾರು ೧೦೦ ನ್ಯಾನೋಮೀಟರ್. ಎರಡು ನ್ಯಾನೋಮೀಟರು ದಪ್ಪದ ಡಿ.ಎನ್.ಎ.ಯನ್ನು ಒಂದು ಮಿಲಿಮೀಟರು ದಪ್ಪದ ದಾರವೆಂದು ಊಹಿಸಿಕೊಂಡರೆ, ಲ್ಯಾಮ್ಡಾ ವೈರಸ್ಸಿನ ಎಳೆಯು ಎಂಟು ಮೀಟರಿಗೂ ಹೆಚ್ಚು ಉದ್ದದ ದಾರವಾಗುತ್ತದೆ; ಅದು ಸುತ್ತಿಕೊಂಡ ಕೋಡುಬಳೆಯು ಐದು ಸೆಂಟಿಮೀಟರು ಅಗಲದ್ದಾಗುತ್ತದೆ.

ಬಂಧನ ಒಬ್ಬನಿಗೆ, ಬಿಡುಗಡೆ ಇಪ್ಪತ್ತು ಮಂದಿಗೆ

ಸ್ಪರ್ಮಿಡೀನಿನ ಹಿಡಿತಕ್ಕೆ ಒಂದು ಕೊರತೆಯುಂಟು. ದ್ರಾವಣದಲ್ಲಿ ಉಪ್ಪು ಹೆಚ್ಚಾದರೆ ಆ ಹಿಡಿತ ಸಡಿಲುತ್ತದೆ. ನಮ್ಮ ರಕ್ತವು ಉಪ್ಪಿನ ದ್ರಾವಣವೇ ಆಗಿರುವುದರಿಂದ ಇಂಥ ಸಣ್ಣ ಅಣುಗಳನ್ನು ನಂಬಿ ಜೀನನ್ನು ದೇಹದೊಳಕ್ಕೆ ಕಳುಹಿಸುವಂತಿಲ್ಲ. ಮೂರರ ಬದಲು ಮುನ್ನೂರು ಧನ ಆವೇಶಗಳು ಒಂದೇ ಸರಪಣಿಯಲ್ಲಿರುವ ಪಾಲಿಮರುಗಳು ಬೇಕಾಗುವುದು ಇಲ್ಲಿಯೇ.

ಅವು ಡಿ.ಎನ್.ಎ.ಗೆ ಅಷ್ಟು ಬಿಗಿಯಾಗಿ ಅಂಟಿಕೊಳ್ಳುವುದು ಏಕೆ? ಋಣಕ್ಕೂ ಧನಕ್ಕೂ ಇರುವ ಆಕರ್ಷಣೆಯಿಂದ ಎಂದು ಯಾರಾದರೂ ಥಟ್ಟನೆ ಹೇಳಿಯಾರು. ಉತ್ತರವು ಪೂರ್ತಿ ಸರಿಯಲ್ಲ. ಪಾಲಿಮರು ಬರುವುದಕ್ಕೆ ಮೊದಲು ಡಿ.ಎನ್.ಎ. ಒಂಟಿಯಾಗಿರಲಿಲ್ಲ, ಅದರ ಸುತ್ತ ಸೋಡಿಯಮ್ ಅಯಾನುಗಳಿದ್ದವು. ಪಾಲಿಮರಿನ ಸುತ್ತಲೂ ಹಾಗೆಯೇ ಕ್ಲೋರೈಡಿನಂಥ ಋಣ ಅಯಾನುಗಳಿದ್ದವು. ಒಂದು ಜೋಡಿ ಬಿಟ್ಟು ಇನ್ನೊಂದು ಜೋಡಿ ಸೇರುವುದರಿಂದ ಶಕ್ತಿಯಲ್ಲಿ ಆಗುವ ಲಾಭ ಅಲ್ಪ. ಹಾಗಾದರೆ ನಿಜವಾದ ಲಾಭವೆಲ್ಲಿ?

ಒಂದು ಹಟ್ಟಿಯನ್ನು ಊಹಿಸಿಕೊಳ್ಳೋಣ. ಇಪ್ಪತ್ತು ಗೂಟಗಳಿಗೆ ಇಪ್ಪತ್ತು ಕರುಗಳನ್ನು ಕಟ್ಟಿದೆ. ಇಪ್ಪತ್ತು ಕುಣಿಕೆಗಳಿರುವ ಒಂದೇ ಹಗ್ಗವನ್ನು ತಂದು, ಒಂದೊಂದು ಗೂಟಕ್ಕೂ ಒಂದೊಂದು ಕುಣಿಕೆಯನ್ನು ಹಾಕಿ, ಕರುಗಳನ್ನೆಲ್ಲ ಬಿಟ್ಟುಬಿಡುತ್ತೇವೆ. ಈಗ ಸಿಕ್ಕಿಬಿದ್ದಿರುವುದು ಹಗ್ಗವೊಂದೇ. ಬಯಲಿನಲ್ಲಿ ಮನಬಂದಂತೆ ಅಲೆಯುತ್ತಿರುವ ಕರುಗಳು ಇಪ್ಪತ್ತು. ಪ್ರಕೃತಿಯು ಇಂಥ ಸ್ವಾತಂತ್ರ್ಯಕ್ಕೆ ಬೆಲೆ ಕೊಡುತ್ತದೆ. ಅಣುಗಳು ಹರಡಿಕೊಳ್ಳಬಲ್ಲ ಬಗೆಗಳು ಹೆಚ್ಚಿದಷ್ಟೂ ಎಂಟ್ರೊಪಿಯು ಹೆಚ್ಚುತ್ತದೆ. ಎಂಟ್ರೊಪಿಯು ಹೆಚ್ಚುವ ದಿಕ್ಕಿಗೆ ಘಟನೆಗಳು ಒಲಿಯುತ್ತವೆ. ಡಿ.ಎನ್.ಎ.ಯನ್ನೂ ಪಾಲಿಮರನ್ನೂ ಬಂಧಿಸುವ ಮುಖ್ಯ ಪ್ರೇರಣೆಯು, ಆ ಬಂಧನದಿಂದ ಸಣ್ಣ ಅಯಾನುಗಳಿಗೆ ದೊರಕುವ ಬಿಡುಗಡೆಯೇ.

ಈ ವಾದವನ್ನು ಪರೀಕ್ಷಿಸುವುದು ಕಷ್ಟವಲ್ಲ. ಬಯಲಿನಲ್ಲಿ ಮೊದಲೇ ದನಗಳು ಕಿಕ್ಕಿರಿದಿದ್ದರೆ ಕರುಗಳನ್ನು ಬಿಟ್ಟು ಆಗುವ ಸುಖವೇನು? ಹಾಗೆಯೇ, ದ್ರಾವಣದಲ್ಲಿ ಉಪ್ಪನ್ನು ಹೆಚ್ಚಿಸುತ್ತ ಹೋದರೆ ಬಂಧನವು ಸಡಿಲಬೇಕು. ೧೯೮೦ರಲ್ಲಿ ಲೋಮನ್, ರೆಕಾರ್ಡ್ ಮೊದಲಾದವರು ಐದು ಲೈಸೀನ್ ಘಟಕಗಳುಳ್ಳ ಚಿಕ್ಕ ಸರಪಣಿಯನ್ನು ಡಿ.ಎನ್.ಎ.ಯೊಡನೆ ಬೆರಸಿ ಅಳೆದಾಗ ಬಂಧನದ ಬಲವು ಉಪ್ಪಿನೊಡನೆ ಕಡಿದಾಗಿ ಇಳಿಯುವುದು ಸ್ಪಷ್ಟವಾಯಿತು. ಸರಪಣಿಯು ಉದ್ದವಾದಷ್ಟೂ ಬಿಡುಗಡೆ ಹೊಂದುವ ಅಯಾನುಗಳು ಹೆಚ್ಚು. ಆದ್ದರಿಂದ ರಕ್ತದಷ್ಟು ಉಪ್ಪಿನಲ್ಲಿಯೂ ದೀರ್ಘ ಪಾಲಿಮರುಗಳ ಹಿಡಿತ ಜಾರುವುದಿಲ್ಲ.

ನಮ್ಮ ನಾಡಿನಲ್ಲಿಯೂ ಈ ಪ್ರಶ್ನೆಯನ್ನು ಕುರಿತು ಕೆಲಸ ನಡೆದಿದೆ. ೨೦೦೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಬಲ್ ಮೈತಿ ಮತ್ತು ಬಿಮನ್ ಬಾಗ್ಚಿಯವರು, ಮರದಂತೆ ಕವಲೊಡೆದ ಡೆಂಡ್ರಿಮರುಗಳೆಂಬ ಪಾಲಿಮರುಗಳು ಡಿ.ಎನ್.ಎ.ಯನ್ನು ಹೇಗೆ ಅಪ್ಪಿಕೊಳ್ಳುತ್ತವೆ, ಆ ವೇಳೆಯಲ್ಲಿ ಸಣ್ಣ ಅಯಾನುಗಳೂ ನೀರಿನ ಅಣುಗಳೂ ವಹಿಸುವ ಪಾತ್ರವೇನು ಎಂಬುದನ್ನು ಕಂಪ್ಯೂಟರಿನಲ್ಲಿ ಪರಮಾಣು ಪರಮಾಣುವಾಗಿ ಲೆಕ್ಕ ಹಾಕಿ ಪ್ರಕಟಿಸಿದರು.

ಅಳತೆ ಮೀರಿದ ಔದಾರ್ಯ

ಈಗ ಪ್ರಯೋಗಶಾಲೆಗೆ ಹೋಗೋಣ. ಒಂದು ಮೈಕ್ರೋಗ್ರಾಮ್ ಡಿ.ಎನ್.ಎ.ಯಲ್ಲಿ ಸುಮಾರು ೩ ನ್ಯಾನೋಮೋಲ್ ಫಾಸ್ಫೇಟಿರುತ್ತದೆ. ಪಾಲಿಎಥಿಲೀನಿಮೀನ್ ಎಂಬ ಪಾಲಿಮರಿನಲ್ಲಿ ಹೈಡ್ರೊಜನ್ನನ್ನು ಬಿಟ್ಟು ಎಣಿಸಿದರೆ ಮೂರು ಪರಮಾಣುಗಳಿಗೆ ಒಂದು ನೈಟ್ರೊಜನ್ ಬರುತ್ತದೆ. ಆ ನೈಟ್ರೊಜನ್ನೇ ಹೈಡ್ರೊಜನ್ ಅಯಾನನ್ನು ಹಿಡಿದು ಧನ ಆವೇಶ ಪಡೆಯುವ ಸ್ಥಾನ. ಒಂದು ಫಾಸ್ಫೇಟಿಗೆ ಒಂದು ನೈಟ್ರೊಜನ್ನಿನಂತೆ ಬೆರಸಬೇಕಾದರೆ ಒಂದು ಮೈಕ್ರೋಗ್ರಾಮ್ ಡಿ.ಎನ್.ಎ.ಗೆ ೦.೧೩ ಮೈಕ್ರೋಗ್ರಾಮ್ ಪಾಲಿಮರು ಸಾಕು. ಆದರೆ ಸಾಧಾರಣ ನೀರಿನಲ್ಲಿ ಈ ನೈಟ್ರೊಜನ್ನುಗಳಲ್ಲಿ ಒಂದು ಭಾಗ ಮಾತ್ರ ಆವೇಶ ಹೊಂದಿರುತ್ತದೆ. ಉಳಿದವು ಕೈಯಲ್ಲಿ ಕಾಸಿಲ್ಲದ ನೆಂಟರಂತೆ ಸುಮ್ಮನೆ ನಿಂತಿರುತ್ತವೆ. ಆದ್ದರಿಂದ ಋಣವನ್ನೆಲ್ಲ ತೀರಿಸುವುದಕ್ಕೆ ಒಂದಕ್ಕೆ ಒಂದರಂತೆ ಸಾಲದು, ಹೆಚ್ಚಾಗಿಯೇ ಬೇಕು.

ಸಾಲ ತೀರಿತೇ ಇಲ್ಲವೇ ಎಂದು ತಿಳಿಯುವ ಬಗೆ ಹೇಗೆ? ಲೋಳೆಯಂಥ ಜೆಲ್ಲಿನಲ್ಲಿ ಡಿ.ಎನ್.ಎ.ಯನ್ನಿಟ್ಟು ವಿದ್ಯುತ್ ಹಾಯಿಸಿದರೆ ಅದು ಧನ ಧ್ರುವದ ಕಡೆಗೆ ಸರಿಯುತ್ತದೆ. ಪಾಲಿಮರನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ ಬೆರಸಿದ ಮಾದರಿಗಳನ್ನು ಪಕ್ಕಪಕ್ಕದಲ್ಲಿ ಓಡಿಸಿ ನೋಡಿದರೆ, ಯಾವುದೋ ಒಂದು ಪ್ರಮಾಣದಲ್ಲಿ ಡಿ.ಎನ್.ಎ. ಹೊರಟ ಕುಳಿಯಲ್ಲಿಯೇ ಉಳಿದುಬಿಡುತ್ತದೆ. ಇದು ಸುಲಭವಾದ ಪರೀಕ್ಷೆ. ಎಷ್ಟೋ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಸಾಧ್ಯವಾಗುವಂಥದು.

ಇದಕ್ಕಿಂತ ಸೂಕ್ಷ್ಮವಾದ ಅಳತೆಯೆಂದರೆ ಜೀಟಾ ವಿಭವ. ನೀರಿನಲ್ಲಿ ಚಲಿಸುವ ಕಣವು ತನ್ನ ಮೈಗಂಟಿದ ನೀರನ್ನೂ ಅಯಾನುಗಳನ್ನೂ ಜೊತೆಯಲ್ಲಿಯೇ ಎಳೆದುಕೊಂಡು ಹೋಗುತ್ತದೆ. ಹೀಗೆ ಜೊತೆ ಬರುವ ಪದರದ ಹೊರ ಅಂಚಿನಲ್ಲಿರುವ ವಿದ್ಯುತ್ ವಿಭವಕ್ಕೆ ಆ ಹೆಸರು. ಹೊರಗಿನ ಲೋಕಕ್ಕೆ ಕಾಣುವುದು ಕಣದ ಒಳಗಿನ ಆಸ್ತಿಯಲ್ಲ, ಈ ಅಂಚಿನ ವಿಭವ. ಕಣದ ಮೇಲೆ ಲೇಸರ್ ಬೆಳಕನ್ನು ಬೀರಿ, ವಿದ್ಯುತ್ ಕ್ಷೇತ್ರದಲ್ಲಿ ಅದು ಓಡುವ ವೇಗವನ್ನು ಚದರಿದ ಬೆಳಕಿನ ಕಂಪನಸಂಖ್ಯೆಯ ಬದಲಾವಣೆಯಿಂದ ತಿಳಿದು, ಆ ವೇಗದಿಂದ ಜೀಟಾ ವಿಭವವನ್ನು ಎಣಿಸುತ್ತಾರೆ. ಅದು ೩೦ ಮಿಲಿವೋಲ್ಟಿನಷ್ಟಿದ್ದರೆ, ಮೀಟರಿಗೆ ೧,೦೦೦ ವೋಲ್ಟಿನ ಕ್ಷೇತ್ರದಲ್ಲಿ ಕಣದ ವೇಗ ಸೆಕೆಂಡಿಗೆ ಸುಮಾರು ೨೩ ಮೈಕ್ರೋಮೀಟರಾಗುತ್ತದೆ.

ಪಾಲಿಮರು ಕಡಮೆಯಿದ್ದಾಗ ಕಣಗಳ ಜೀಟಾ ವಿಭವವು ಋಣವಾಗಿರುತ್ತದೆ. ಪಾಲಿಮರನ್ನು ಹೆಚ್ಚಿಸಿದಂತೆ ಅದು ಸೊನ್ನೆಗೆ ಸಮೀಪಿಸುತ್ತದೆ. ಸೊನ್ನೆಯಲ್ಲಿ ಕಥೆ ಮುಗಿಯಿತೆಂದುಕೊಂಡರೆ ತಪ್ಪು. ಇನ್ನೂ ಬೆರಸಿದರೆ ಕಣವು ಅದನ್ನೂ ತನ್ನ ಮೈಗೆ ಅಂಟಿಸಿಕೊಂಡು ಧನ ಆವೇಶದ ಕಣವಾಗಿ ಮಾರ್ಪಡುತ್ತದೆ. ಜೀಟಾ ವಿಭವವು ಹಲವು ಸಲ ಧನ ೩೦ ಮಿಲಿವೋಲ್ಟಿನ ಆಸುಪಾಸಿಗೆ ಏರುವುದುಂಟು. ಸಾಲ ತೀರಿದ ಮೇಲೂ ಹಣ ಸುರಿದಂತೆ! ಉದ್ದನೆಯ ಸರಪಣಿಯೊಂದು ಕೆಲವು ಕಡೆ ಕಣಕ್ಕೆ ಅಂಟಿಕೊಂಡು ಉಳಿದ ಕಡೆ ಕುಣಿಕೆಗಳಾಗಿ ಹೊರಚಾಚಿಕೊಂಡಿರುವುದೂ, ಅದು ಅಂಟಿದಾಗಲೂ ಸಣ್ಣ ಅಯಾನುಗಳಿಗೆ ಬಿಡುಗಡೆ ದೊರಕುವುದೂ ಇದಕ್ಕೆ ಕಾರಣ.

ಇಲ್ಲಿ ವಿಚಿತ್ರವಾದ ಸಂಗತಿಯೊಂದಿದೆ. ಋಣವೂ ಧನವೂ ಸರಿಸಮನಾದಾಗ ಕಣಗಳಿಗೆ ಒಂದನ್ನೊಂದು ದೂರವಿಡುವ ಬಲವಿರುವುದಿಲ್ಲ. ಪಟಿಕ ಹಾಕಿದ ಜೇಡಿಯಂತೆ ಅವು ಒಂದಕ್ಕೊಂದು ಅಂಟಿಕೊಂಡು ದಪ್ಪ ಗಂಟುಗಳಾಗಿ ತಳಕ್ಕೆ ಕೂರುತ್ತವೆ. ಕುಡಿಯುವ ನೀರಿಗೆ ಅದೇ ವರ. ಔಷಧಕ್ಕೆ ಅದೇ ಶಾಪ. ರಕ್ತನಾಳದಲ್ಲಿ ಚಲಿಸಬೇಕಾದ ಕಣವು ಸಣ್ಣದಾಗಿಯೂ ಬಿಡಿಯಾಗಿಯೂ ಉಳಿಯಬೇಕಾದರೆ ಲೆಕ್ಕವು ಒಂದು ಕಡೆಗೆ ವಾಲಿರಲೇಬೇಕು.

ಉಪ್ಪಿನ ಪಾತ್ರವೂ ಅಷ್ಟೇ ಮುಖ್ಯ. ಉಪ್ಪಿನ ಅಯಾನುಗಳು ಕಣದ ಸುತ್ತ ಮೋಡದಂತೆ ಕವಿದು ಅದರ ಆವೇಶವನ್ನು ಮರೆಮಾಡುತ್ತವೆಂದು ಡಿಬೈ ಮತ್ತು ಹ್ಯೂಕೆಲ್ ೧೯೨೩ರಲ್ಲಿ ತೋರಿಸಿದ್ದರು. ಲೀಟರಿಗೆ ಒಂದು ಮಿಲಿಮೋಲ್ ಉಪ್ಪಿದ್ದರೆ ಆವೇಶದ ಪ್ರಭಾವವು ಸುಮಾರು ೧೦ ನ್ಯಾನೋಮೀಟರಿನವರೆಗೆ ಹಬ್ಬುತ್ತದೆ. ರಕ್ತದಲ್ಲಿರುವಂತೆ ೧೫೦ ಮಿಲಿಮೋಲ್ ಇದ್ದರೆ ೦.೮ ನ್ಯಾನೋಮೀಟರಿಗೇ ಅದು ಮಸಕಾಗುತ್ತದೆ. ಗ್ಲೂಕೋಸ್ ದ್ರಾವಣದಲ್ಲಿ ತಯಾರಿಸಿದ ಪಾಲಿಎಥಿಲೀನಿಮೀನ್ ಕಣಗಳು ೧೦೦ ನ್ಯಾನೋಮೀಟರಿನ ಆಸುಪಾಸಿನಲ್ಲಿ ಚಿಕ್ಕವಾಗಿ ನಿಲ್ಲುತ್ತವೆ. ಅವನ್ನೇ ಆಸ್ಪತ್ರೆಯ ಉಪ್ಪುನೀರಿನಲ್ಲಿ ಬೆರಸಿದರೆ ಸ್ವಲ್ಪ ಹೊತ್ತಿನಲ್ಲಿ ಒಂದು ಮೈಕ್ರೋಮೀಟರಿನಷ್ಟು ದಪ್ಪವಾಗುತ್ತವೆ. ವಸ್ತುಗಳು ಅವೇ, ಪ್ರಮಾಣವೂ ಅದೇ. ಆದರೂ ಫಲ ಬೇರೆ. ಬೆರಸುವ ವೇಗ, ಯಾವುದಕ್ಕೆ ಯಾವುದನ್ನು ಸುರಿದೆವು ಎಂಬ ಕ್ರಮ, ಇವು ಕೂಡ ಕಣದ ಗಾತ್ರವನ್ನು ಬದಲಿಸಬಲ್ಲವು. ತಾವೇ ಕೂಡಿಕೊಳ್ಳುವ ಕಣಗಳೆಂದ ಮಾತ್ರಕ್ಕೆ ಅವನ್ನು ಅವುಗಳ ಪಾಡಿಗೆ ಬಿಡಬಹುದೆಂದು ಅರ್ಥವಲ್ಲ.

ಜೀವಕೋಶದ ಬಾಗಿಲಲ್ಲಿ

ಇಷ್ಟೆಲ್ಲ ಶ್ರಮವೇಕೆ? ಎಷ್ಟೋ ರೋಗಗಳಿಗೆ ಜೀನುಗಳಲ್ಲಿರುವ ದೋಷವೇ ಮೂಲ. ಸರಿಯಾದ ಜೀನನ್ನು ಕೋಶದೊಳಕ್ಕೆ ಸೇರಿಸುವುದು ಸಾಧ್ಯವಾದರೆ ರೋಗವನ್ನು ಬೇರಿನಲ್ಲಿಯೇ ಹಿಡಿಯಬಹುದು. ಬರಿಯ ಡಿ.ಎನ್.ಎ.ಯನ್ನು ರಕ್ತಕ್ಕೆ ಸೇರಿಸಿದರೆ ಅಲ್ಲಿಯ ಕಿಣ್ವಗಳು ಅದನ್ನು ಬೇಗನೆ ಕತ್ತರಿಸಿಹಾಕುತ್ತವೆ. ವೈರಸ್ಸುಗಳು ಈ ಕೆಲಸದಲ್ಲಿ ನಿಪುಣವಾದ ಕಾರಣ ಅವನ್ನೇ ಪಳಗಿಸಿ ವಾಹಕಗಳಾಗಿ ಬಳಸುವುದುಂಟು. ಅದರಿಂದ ಒಳ್ಳೆಯ ಚಿಕಿತ್ಸೆಗಳೂ ಬಂದಿವೆ. ಆದರೆ ೧೯೯೯ರಲ್ಲಿ ಅಮೆರಿಕದಲ್ಲಿ, ಇಂಥ ವೈರಸ್ ವಾಹಕವನ್ನು ಪಡೆದ ಹದಿನೆಂಟು ವರ್ಷದ ತರುಣನೊಬ್ಬನು ಅದರ ವಿರುದ್ಧ ದೇಹವು ತೋರಿದ ತೀವ್ರ ಪ್ರತಿಕ್ರಿಯೆಯಿಂದ ತೀರಿಕೊಂಡನು. ನಮ್ಮ ಓದುಗರಲ್ಲಿ ಅನೇಕರ ವಯಸ್ಸೂ ಅದೇ. ವೈರಸ್ಸಿಲ್ಲದ ವಾಹಕವೊಂದು ಬೇಕೆಂಬ ಹಂಬಲದ ಹಿಂದೆ ಇಂಥ ನೋವುಗಳಿವೆ.

ಜಾರ್ಜ್ ವು ಮತ್ತು ಕ್ಯಾಥರೀನ್ ವು ಎಂಬವರು ೧೯೮೭ರಲ್ಲಿ ಪಾಲಿಲೈಸೀನನ್ನು ಯಕೃತ್ತಿನ ಕೋಶಗಳು ಗುರುತಿಸಬಲ್ಲ ಪ್ರೋಟೀನಿಗೆ ಹೊಸೆದು, ಅದರ ಮೂಲಕ ಜೀನನ್ನು ಆ ಕೋಶಗಳಿಗೆ ಮುಟ್ಟಿಸಿದರು. ೧೯೯೫ರಲ್ಲಿ ಫ್ರಾನ್ಸಿನ ಜ್ಯಾನ್-ಪಾಲ್ ಬೇರ್ ಮತ್ತು ಸಂಗಡಿಗರು ಪಾಲಿಎಥಿಲೀನಿಮೀನ್ ಈ ಕೆಲಸಕ್ಕೆ ಬಹಳ ಸಮರ್ಥವೆಂದು ತೋರಿಸಿದರು. ಇದರಲ್ಲಿ ಧನ ಆವೇಶದ ಪಾತ್ರವೇನು? ನಮ್ಮ ಜೀವಕೋಶಗಳ ಹೊರಮೈಯಲ್ಲಿ ಹೆಪರಾನ್ ಸಲ್ಫೇಟಿನಂಥ ಋಣ ಆವೇಶದ ಎಳೆಗಳಿವೆ. ಧನ ಕಣಗಳು ಅವಕ್ಕೆ ಅಂಟಿಕೊಳ್ಳುತ್ತವೆ. ಕೋಶವು ತನ್ನ ಪೊರೆಯನ್ನು ಒಳಕ್ಕೆ ಮಡಿಸಿ ಅವನ್ನು ಸಣ್ಣ ಚೀಲದಲ್ಲಿ ನುಂಗುತ್ತದೆ.

ಆದರೆ ಬಾಗಿಲು ತೆರೆದ ಗುಣವೇ ಬೀದಿಯಲ್ಲಿ ಅಪಾಯವನ್ನು ತರುತ್ತದೆ. ರಕ್ತದ ಆಲ್ಬ್ಯುಮಿನ್ ಮೊದಲಾದ ಪ್ರೋಟೀನುಗಳೂ ಋಣ ಆವೇಶದವೇ. ಕೆಂಪು ರಕ್ತಕಣಗಳ ಮೈಯೂ ಹಾಗೆಯೇ. ಧನ ಕಣಗಳು ಕಂಡಕಂಡಲ್ಲಿ ಅಂಟಿ ಗಂಟುಗಳಾಗಿ, ಶ್ವಾಸಕೋಶದ ಕೂದಲೆಳೆಯಂಥ ನಾಳಗಳಲ್ಲಿ ಸಿಕ್ಕಿಕೊಳ್ಳಬಹುದು. ಜೊತೆಗೆ, ಹೆಚ್ಚಾಗಿ ಬೆರಸಿದ ಪಾಲಿಮರಿನ ದೊಡ್ಡ ಪಾಲು ಕಣವನ್ನು ಸೇರದೆ ಬಿಡಿಯಾಗಿ ಉಳಿದು ಕೋಶದ ಪೊರೆಗಳಿಗೆ ಹಾನಿ ಮಾಡುತ್ತದೆ.

ಇದಕ್ಕೆ ಒಂದು ಪರಿಹಾರವನ್ನು ಜಪಾನಿನ ಕಟವೊಕ ಮತ್ತು ಹರದ ೧೯೯೫ರ ಹೊತ್ತಿಗೆ ತೋರಿಸಿಕೊಟ್ಟರು. ಆವೇಶವುಳ್ಳ ಸರಪಣಿಯ ತುದಿಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ಆವೇಶವಿಲ್ಲದೆ ನೀರನ್ನು ಮೆಚ್ಚುವ ಸರಪಣಿಯನ್ನು ಜೋಡಿಸುವುದೇ ಆ ಉಪಾಯ. ಋಣ ಧನಗಳು ಒಳಗೆ ಕೂಡಿ ತಿರುಳಾಗುತ್ತವೆ. ಗ್ಲೈಕಾಲಿನ ಎಳೆಗಳು ಹೊರಗೆ ಹರಡಿ ಕುಂಚದಂತೆ ನಿಲ್ಲುತ್ತವೆ. ಆವೇಶ ಸಮವಾಗಿದ್ದರೂ ಇಂಥ ಕಣಗಳು ಗಂಟಾಗುವುದಿಲ್ಲ; ಜೀಟಾ ವಿಭವವೂ ಸೊನ್ನೆಯ ಹತ್ತಿರವೇ ಇರುತ್ತದೆ. ಮುಸುಕು ಹೊದ್ದ ಈ ಕಣವು ರಕ್ತದಲ್ಲಿ ಹೆಚ್ಚು ಕಾಲ ಸಂಚರಿಸಬಲ್ಲದು. ಆದರೆ ಮುಸುಕಿನ ದೆಸೆಯಿಂದ ಕೋಶದ ಬಾಗಿಲಿಗೆ ಅಂಟುವ ಗುಣ ಕುಗ್ಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾಗಿದೆ.

ಒಳಹೊಕ್ಕ ಮೇಲೂ ಸಂಕಟ ತೀರಲಿಲ್ಲ. ಕಣವನ್ನು ನುಂಗಿದ ಚೀಲಕ್ಕೆ ಎಂಡೋಸೋಮ್ ಎಂದು ಹೆಸರು. ಕೋಶವು ಅದರೊಳಕ್ಕೆ ಹೈಡ್ರೊಜನ್ ಅಯಾನುಗಳನ್ನು ಎತ್ತಿ ಹಾಕಿ ಆಮ್ಲವನ್ನು ಹೆಚ್ಚಿಸುತ್ತದೆ. ಅಲ್ಲಿಂದ ತಪ್ಪಿಸಿಕೊಳ್ಳದ ವಸ್ತುವು ಕೊನೆಗೆ ಜೀರ್ಣವಾಗಿಹೋಗುತ್ತದೆ. ಸುಮ್ಮನೆ ನಿಂತಿದ್ದ ನೈಟ್ರೊಜನ್ನುಗಳು ಉಪಯೋಗಕ್ಕೆ ಬರುವುದು ಈಗಲೇ. ಅವು ಹೈಡ್ರೊಜನ್ ಅಯಾನುಗಳನ್ನು ಹೀರಿಕೊಳ್ಳುತ್ತ ಹೋಗುತ್ತವೆ. ಅವುಗಳ ಜೊತೆಗೆ ಕ್ಲೋರೈಡೂ, ಅದರ ಹಿಂದೆ ನೀರೂ ನುಗ್ಗಿ ಚೀಲವು ಒಡೆಯುತ್ತದೆಂದು ಬೇರ್ ಸೂಚಿಸಿದರು. ಈ ವಿವರಣೆಯನ್ನು ಎಲ್ಲರೂ ಒಪ್ಪಿಲ್ಲ. ಹೆಚ್ಚಿದ ಧನ ಆವೇಶವು ಪೊರೆಯನ್ನು ನೇರವಾಗಿಯೇ ಹರಿಯುತ್ತದೆಂಬ ವಾದವೂ ಇದೆ. ಹೇಗಾದರೂ ಸರಿ, ಹೊರಬಂದ ಮೇಲೆ ಪಾಲಿಮರು ಡಿ.ಎನ್.ಎ.ಯನ್ನು ಬಿಟ್ಟುಕೊಡಬೇಕು. ಬಿಗಿ ಹಿಡಿದವನು ದಾರಿಯಲ್ಲಿ ಒಳ್ಳೆಯ ಕಾವಲುಗಾರ. ಮನೆ ತಲುಪಿದ ಮೇಲೂ ಗಂಟನ್ನು ಬಿಡದಿದ್ದರೆ ಅವನಿಂದ ಪ್ರಯೋಜನವೇನು?

ಸಮಯಕ್ಕೆ ತಕ್ಕ ಧನ

ಮೇಲಿನ ತೊಡಕುಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಣಕ್ಕೆ ಎಷ್ಟು ಆವೇಶವಿರಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ತಯಾರಿಕೆಯಲ್ಲಿ ಧನ ಬೇಕು, ರಕ್ತದಲ್ಲಿ ಬೇಡ, ಎಂಡೋಸೋಮಿನಲ್ಲಿ ಮತ್ತೆ ಬೇಕು, ಕೊನೆಯಲ್ಲಿ ಹಿಡಿತ ಸಡಿಲಬೇಕು. ಆದುದರಿಂದ ಸುತ್ತಲಿನ ಆಮ್ಲತೆಯನ್ನು ಅನುಸರಿಸಿ ಆವೇಶವನ್ನು ತಾನೇ ಬದಲಿಸಿಕೊಳ್ಳುವ ವಸ್ತುವೊಂದು ಬೇಕು.

ಈ ತತ್ತ್ವವು ಫಲಿಸಿದುದನ್ನು ಲೋಕವೇ ಕಂಡಿದೆ. ೨೦೨೦ರ ಡಿಸೆಂಬರಿನಿಂದ ಜನರಿಗೆ ಕೊಡಲು ತೊಡಗಿದ ಕೋವಿಡ್ ರೋಗದ ಎಂ.ಆರ್.ಎನ್.ಎ. ಲಸಿಕೆಗಳಲ್ಲಿ ವಾಹಕವು ಪಾಲಿಮರಲ್ಲ, ಕೊಬ್ಬಿನ ಜಾತಿಯ ಲಿಪಿಡ್, ಸರಕು ಡಿ.ಎನ್.ಎ. ಅಲ್ಲ, ಅದರ ದಾಯಾದಿಯಾದ ಆರ್.ಎನ್.ಎ. ಆದರೆ ವಿದ್ಯುತ್ತಿನ ಲೆಕ್ಕ ಮಾತ್ರ ನಾವು ಈವರೆಗೆ ನೋಡಿದುದೇ. ಆ ಲಿಪಿಡ್ಡು ಆಮ್ಲ ದ್ರಾವಣದಲ್ಲಿ ಧನ ಆವೇಶ ತಾಳಿ ಆರ್.ಎನ್.ಎ.ಯ ಋಣವನ್ನು ತೀರಿಸಿ ಕಣವಾಗುತ್ತದೆ. ರಕ್ತದ ಸಹಜ ಸ್ಥಿತಿಯಲ್ಲಿ ಬಹುಮಟ್ಟಿಗೆ ತಟಸ್ಥವಾಗುತ್ತದೆ. ಎಂಡೋಸೋಮಿನ ಆಮ್ಲದಲ್ಲಿ ಮರಳಿ ಧನವಾಗಿ ಪೊರೆಯನ್ನು ಭೇದಿಸುತ್ತದೆ. ಪಾಲಿಮರುಗಳ ವಿಷಯದಲ್ಲಿಯೂ ಇದೇ ಜಾಣತನವನ್ನು ಸಾಧಿಸಲು, ಕೆಲಸ ಮುಗಿದ ಮೇಲೆ ತಾವೇ ಮುರಿದು ಚೂರಾಗುವ ಸರಪಣಿಗಳನ್ನು ಕಟ್ಟಲು ಈಗ ಪ್ರಯತ್ನಗಳು ನಡೆಯುತ್ತಿವೆ.

ಬಿಂದಿಗೆಯ ನೀರನ್ನು ತಿಳಿಗೊಳಿಸಿದ ಅಜ್ಜಿಗೆ ವಿದ್ಯುದಾವೇಶದ ಹೆಸರು ಗೊತ್ತಿರಲಿಲ್ಲ. ಆದರೆ ಪಟಿಕವನ್ನು ಎಷ್ಟು ಸುತ್ತು ಆಡಿಸಬೇಕು, ಯಾವಾಗ ಹೊರತೆಗೆಯಬೇಕು ಎಂಬ ಹದವು ಗೊತ್ತಿತ್ತು. ಜೀನನ್ನು ಹೊತ್ತು ಸಾಗುವ ಕಣಗಳ ವಿದ್ಯೆಯಲ್ಲಿ ಇಂದು ನಾವು ಹುಡುಕುತ್ತಿರುವುದೂ ಆ ಹದವನ್ನೇ. ಋಣವನ್ನು ತೀರಿಸಲು ಧನ ಬೇಕು. ಅದನ್ನು ಎಷ್ಟು ಕೊಡಬೇಕು, ಯಾವ ಹೊತ್ತಿನಲ್ಲಿ ಕೊಡಬೇಕು, ಯಾವ ಹೊತ್ತಿನಲ್ಲಿ ಹಿಂದಕ್ಕೆ ಪಡೆಯಬೇಕು ಎಂಬುದನ್ನು ಬಲ್ಲವರ ಕೈಯಲ್ಲಿ ಮಾತ್ರ ಅದು ಔಷಧವಾಗುತ್ತದೆ.